ಐದು ತುಂಡುಗಳ ಹೃದಯ: 14 ತಿಂಗಳ ಬಳಕೆಯ ನಂತರ

ಹೃದಯದ ಮಾದರಿ ಕೈಗೆ ಬಂದ ಕೂಡಲೇ ಎಲ್ಲರೂ ಅದನ್ನು ಬಿಚ್ಚಲು ಹೊರಡುತ್ತಾರೆ. ನಾನು ಬಿಚ್ಚುವುದಿಲ್ಲ. ಮೊದಲು ಮಹಾಪಧಮನಿಯ ಕತ್ತರಿಸಿದ ಬಾಯಿಗೆ ಟಾರ್ಚ್ ಹಿಡಿದು ಒಳಗೆ ಇಣುಕುತ್ತೇನೆ. ಅಲ್ಲಿ ತಳದಲ್ಲಿ ಕವಾಟದ ಮೂರು ದಳಗಳಿರುತ್ತವೆ, ಒಂದೊಂದು ದಳದ ಹಿಂದೆ ಒಂದೊಂದು ಪುಟ್ಟ ಬಟ್ಟಲಿರುತ್ತದೆ. ಮೂರರಲ್ಲಿ ಎರಡು ಬಟ್ಟಲುಗಳಲ್ಲಿ ತೂತು ಇರಬೇಕು: ಬಲಗಡೆಯದು ಬಲ ಕೊರೊನರಿಗೆ, ಎಡಗಡೆಯದು ಎಡ ಕೊರೊನರಿಗೆ; ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ನಾಳಗಳು ಇವು. ಮೂರನೆಯದು ಖಾಲಿ. ಇಡೀ ದೇಹಕ್ಕೆ ರಕ್ತ ಕಳಿಸುವ ಅಂಗ ತನ್ನ ಪಾಲನ್ನು ಎತ್ತಿಟ್ಟುಕೊಳ್ಳುವುದು ಆ ಎರಡು ತೂತುಗಳಿಂದಲೇ. ಮಾದರಿ ಮಾಡಿದವರಿಗೆ ವಿಷಯ ಗೊತ್ತಿತ್ತೋ ಅಥವಾ ಬರೇ ಬಣ್ಣ ಬಳಿದರೋ ಎಂಬುದು ಅಲ್ಲೇ ತಿಳಿದುಹೋಗುತ್ತದೆ.

ಈ ಮಾದರಿಯಲ್ಲಿ ಎರಡೂ ತೂತುಗಳಿದ್ದವು. ಆರಪಾರವಾಗಿ ಕೊರೆದಿರಲಿಲ್ಲ, ಅಕ್ಕಿಕಾಳು ಹಿಡಿಸುವಷ್ಟು ಗುಳಿ ಮಾತ್ರ. ಆದರೆ ಇರಬೇಕಾದ ಜಾಗದಲ್ಲಿ ಇದ್ದವು. ನನಗೆ ಅಷ್ಟು ಸಾಕಾಯಿತು. ಅಂದು ಬಂದ ಖುಷಿಯಲ್ಲಿ ಹಿಂಬದಿಯನ್ನು ಸರಿಯಾಗಿ ನೋಡದೆಯೇ ರಸೀದಿಗೆ ಸಹಿ ಹಾಕಿದೆ. ಆ ತಪ್ಪಿನ ಕಥೆ ಮುಂದೆ ಬರುತ್ತದೆ.

ನರ್ಸಿಂಗ್ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ; 19 ವರ್ಷಗಳಾದವು. ಹಿಂದೆ ನಮ್ಮಲ್ಲಿದ್ದ ಹೃದಯ ನನಗಿಂತ ಹಿರಿಯದು. ಅದರ ನೀಲಿ ಬಣ್ಣ ಬೂದಿಯಾಗಿ, ಕೆಂಪು ಇಟ್ಟಿಗೆಯಾಗಿ, ಅಪಧಮನಿ ಯಾವುದು ಅಭಿಧಮನಿ ಯಾವುದು ಎಂದು ತಿಳಿಯಬೇಕಾದರೆ ಮೊದಲೇ ತಿಳಿದಿರಬೇಕಾಗಿತ್ತು. ಹೊಸದು ಬೇಕೆಂದು ಕೇಳಿ ಕೇಳಿ ಸಾಕಾಗಿ ಕೊನೆಗೆ ನಾನೇ ಕೊಂಡೆ. ಕಂಪನಿಯ ಹೆಸರು ಹೇಳುವುದಿಲ್ಲ. ಇದೇ ಅಚ್ಚಿನ ಹೃದಯ ನಾಲ್ಕಾರು ಹೆಸರುಗಳಲ್ಲಿ ಮಾರಾಟವಾಗುತ್ತಿದೆ. ಹಾಗಾಗಿ ಹೆಸರಿಗಿಂತ ಏನನ್ನು ನೋಡಿ ಕೊಳ್ಳಬೇಕು ಎಂಬುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಿಜವಾದ ಹೃದಯದ ಎರಡರಷ್ಟು ದೊಡ್ಡದು. ವಯಸ್ಕರ ಹೃದಯ ಅವರವರ ಮುಷ್ಟಿಯಷ್ಟು, ತೂಕದಲ್ಲಿ ಸುಮಾರು 250ರಿಂದ 350 ಗ್ರಾಂ. ಇದು ಎರಡು ಮುಷ್ಟಿಗಳಿಗಿಂತಲೂ ದೊಡ್ಡದಾಗಿ ಕಾಣುತ್ತದೆ, ಕೊನೆಯ ಬೆಂಚಿಗೂ ಕಾಣಿಸುತ್ತದೆ. ಎರಡು ಹೃತ್ಕುಕ್ಷಿಗಳ (ಕೆಳಗಿನ ಕೋಣೆಗಳ) ಮುಂಗೋಡೆ, ಬಲ ಹೃತ್ಕರ್ಣದ (ಮೇಲಿನ ಕೋಣೆಯ) ಹೊರಗೋಡೆ, ಎಡ ಹೃತ್ಕರ್ಣದ ಮುಚ್ಚಳ, ಶ್ವಾಸಕೋಶಕ್ಕೆ ಹೋಗುವ ಪುಪ್ಪುಸ ಅಪಧಮನಿಯ ಕಾಂಡ, ಉಳಿದ ಮೈ ಹೀಗೆ ಐದು ತುಂಡುಗಳು. ಅಯಸ್ಕಾಂತದಿಂದ ಕೂಡಿಕೊಳ್ಳುತ್ತವೆ. ಹಳೆಯದರ ಕೊಕ್ಕೆಗಳನ್ನು ನೂರು ಸಲ ಮುರಿದು ಅಂಟಿಸಿದವಳಿಗೆ ಈ ಅಯಸ್ಕಾಂತವೇ ದೊಡ್ಡ ಸುಖ. ಟಪ್ಪೆಂದು ಕೂರುತ್ತದೆ. ಮೊದಲ ಎರಡು ವಾರ ರಬ್ಬರಿನ ಘಾಟು ವಾಸನೆ ಇತ್ತು. ಕಿಟಕಿಯ ಬಳಿ ಇಟ್ಟ ಮೇಲೆ ಹೋಯಿತು.

ಒಳಗಡೆಯ ಕೆಲಸಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ಮೂರು ಪಟ್ಟು ದಪ್ಪ ಎಂದು ಪ್ರತಿ ವರ್ಷ ಬಾಯಿಪಾಠ ಮಾಡಿಸುತ್ತೇವೆ. ಇಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಎರಡೂ ಗೋಡೆಗಳನ್ನು ಹಿಡಿದು ನೋಡಿದರೆ ಪಾಠವೇ ಬೇಡ. ಒಂದು ಇಡೀ ದೇಹಕ್ಕೆ ತಳ್ಳಬೇಕು, ಇನ್ನೊಂದು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಕಳಿಸಿದರೆ ಆಯಿತು, ಬೆರಳುಗಳಿಗೇ ಅರ್ಥವಾಗುತ್ತದೆ. ದ್ವಿದಳ ಕವಾಟದ ದಳಗಳನ್ನು ಹಿಡಿದಿರುವ ತಂತುಗಳು ನಿಜವಾದ ನೂಲಿನಂತೆ ಬಿಡಿಬಿಡಿಯಾಗಿವೆ, ಅಚ್ಚಿನಲ್ಲಿ ಎದ್ದ ಗೆರೆಗಳಲ್ಲ. ಬಲ ಹೃತ್ಕರ್ಣದ ನಡುಗೋಡೆಯಲ್ಲಿ ಭ್ರೂಣಾವಸ್ಥೆಯ ದ್ವಾರ ಮುಚ್ಚಿಕೊಂಡ ಗುರುತಾದ ಅಂಡಾಕಾರದ ತಗ್ಗು ಕೂಡ ಇದೆ. ನನಗೆ ನಿಜಕ್ಕೂ ಅಚ್ಚರಿಯಾದದ್ದು ಬಲ ಹೃತ್ಕುಕ್ಷಿಯೊಳಗಿನ ಮಾಡರೇಟರ್ ಬ್ಯಾಂಡ್. ನಡುಗೋಡೆಯಿಂದ, ಕವಾಟದ ತಂತುಗಳನ್ನು ಹಿಡಿದಿಡುವ ಎದುರಿನ ಮಾಂಸಸ್ತಂಭದ ಬುಡಕ್ಕೆ ಹಾಯುವ ಈ ಪುಟ್ಟ ಸೇತುವೆಯ ಮೂಲಕ ಬಡಿತದ ಸಂಕೇತ ಒಯ್ಯುವ ವಿದ್ಯುತ್ ವಾಹಕದ ಬಲ ಕವಲಿನ ಎಳೆಗಳು ಸಾಗುತ್ತವೆ. ಎಷ್ಟೋ ಮಾದರಿಗಳು ಇದನ್ನು ಬಿಟ್ಟೇಬಿಡುತ್ತವೆ. ಬಲದಲ್ಲಿ ಮೂರಿರಬೇಕಾದ ಮಾಂಸಸ್ತಂಭಗಳು ಇಲ್ಲಿ ಎರಡೇ ಇವೆ. ಮೂರನೆಯದು ನಿಜವಾದ ಹೃದಯದಲ್ಲಿಯೂ ಚಿಕ್ಕದು ಎಂದು ಕ್ಷಮಿಸಿದೆ.

ಪೀಠದ ವಿಚಾರದಲ್ಲಿ ಕ್ಷಮೆ ಇಲ್ಲ. ಕಂಬಕ್ಕೆ ಸಿಕ್ಕಿಸಿದಾಗ ಹೃದಯ ತುದಿ ಕೆಳಗಾಗಿ ನೆಟ್ಟಗೆ ನಿಲ್ಲುತ್ತದೆ, ಪದಕ ತೂಗುಹಾಕಿದ ಹಾಗೆ. ಹೀಗೆ ನೋಡಿದವರು ಬಲ ಹೃದಯ ಬಲಕ್ಕೆ, ಎಡ ಹೃದಯ ಎಡಕ್ಕೆ, ಮಧ್ಯೆ ಗೋಡೆ ಎಂದುಕೊಳ್ಳುತ್ತಾರೆ. ಎದೆಯೊಳಗೆ ಹಾಗಿಲ್ಲ. ಅದು ಓರೆಯಾಗಿ ಮಲಗಿದೆ. ತುದಿ ಎಡಕ್ಕೆ, ಕೆಳಕ್ಕೆ, ಮುಂದಕ್ಕೆ ಚಾಚಿದೆ. ಎದೆಮೂಳೆಯ ಹಿಂದೆ ಮುಂಭಾಗದಲ್ಲಿ ಬಹುಪಾಲು ಕಾಣುವುದು ಬಲ ಹೃತ್ಕುಕ್ಷಿ. ಎಡ ಹೃತ್ಕರ್ಣ ಎಲ್ಲಕ್ಕಿಂತ ಹಿಂದೆ, ಅನ್ನನಾಳಕ್ಕೆ ಒರಗಿಕೊಂಡಿದೆ. ಗಂಟಲಿನ ಮೂಲಕ ನಳಿಕೆ ಇಳಿಸಿ ಮಾಡುವ ಎಕೋ ಪರೀಕ್ಷೆಯಲ್ಲಿ ಎಡ ಹೃತ್ಕರ್ಣ ಅಷ್ಟು ಸ್ಪಷ್ಟವಾಗಿ ಕಾಣುವುದು ಈ ನೆರೆಹೊರೆಯಿಂದ. ಹಾಗಾಗಿ ನಾನು ಪಾಠದ ಮೊದಲ ದಿನ ಪೀಠವನ್ನು ಮೇಜಿನ ಕೆಳಗಿಟ್ಟು, ಮಾದರಿಯನ್ನು ನನ್ನ ಎದೆಯ ಮೇಲೆ ಓರೆಯಾಗಿ ಹಿಡಿದು ನಿಲ್ಲುತ್ತೇನೆ. ಪೀಠಕ್ಕೆ ಒಂದು ಓರೆ ಕೀಲು ಕೊಟ್ಟಿದ್ದರೆ ಆಗುತ್ತಿತ್ತು.

ಇನ್ನು ರಕ್ತನಾಳಗಳು. ಮುಂಭಾಗದ ಕೆಲಸ ಚೆನ್ನಾಗಿದೆ. ಪುಪ್ಪುಸ ಅಪಧಮನಿಯ ಕಾಂಡವನ್ನು ಕಳಚಿದರೆ ಅದರ ಹಿಂದೆ ಅಡಗಿದ್ದ ಎಡ ಮುಖ್ಯ ಕೊರೊನರಿ ಕಾಣಿಸುತ್ತದೆ. ನಿಜವಾದ ಹೃದಯದಲ್ಲಿ ಸುಮಾರು ಒಂದು ಸೆಂಟಿಮೀಟರ್ ಉದ್ದದ ಮೋಟು ಕೊಳವೆ ಅದು. ಅಷ್ಟರಲ್ಲೇ ಎರಡಾಗಿ ಒಡೆಯುತ್ತದೆ. ಒಂದು ಕವಲು ಎರಡು ಹೃತ್ಕುಕ್ಷಿಗಳ ನಡುವಿನ ತೋಡಿನಲ್ಲಿ ಮುಂದೆ ಇಳಿಯುವ ಎಲ್‌ಎಡಿ. ಇನ್ನೊಂದು ಎಡಕ್ಕೆ ತಿರುಗಿ ಹಿಂದೆ ಹೋಗುವ ಸರ್ಕಮ್‌ಫ್ಲೆಕ್ಸ್. ಎಲ್‌ಎಡಿಯಿಂದ ಎಡಗೋಡೆಗೆ ಹರಿಯುವ ಡಯಾಗನಲ್ ಕವಲುಗಳು ಎರಡೂ ಇವೆ. ನಡುಗೋಡೆಯ ಮುಂದಿನ ಮೂರನೇ ಎರಡು ಭಾಗಕ್ಕೆ ಇಳಿಯುವ ಸೆಪ್ಟಲ್ ಕವಲುಗಳನ್ನು ಮುಂಗೋಡೆ ತೆಗೆದಾಗ ಕಾಣುವಂತೆ ತೋರಿಸಿದ್ದಾರೆ. ಇದು ಸಣ್ಣ ಕೆಲಸವಲ್ಲ. ಎಲ್‌ಎಡಿ ಮೇಲ್ಭಾಗದಲ್ಲೇ ಮುಚ್ಚಿದರೆ ಅಪಾಯ ಯಾಕೆ ಅಷ್ಟು ಹೆಚ್ಚು ಎನ್ನುವುದನ್ನು ಹೇಳಲು ನನಗೆ ಈಗ ಬರೇ ಒಂದು ಬೆರಳು ಸಾಕು: ಅದರ ಕೆಳಗೆ ಎಷ್ಟು ಕವಲುಗಳಿವೆ ಎಂದು ಎಣಿಸಿಸುತ್ತೇನೆ.

ಮಹಾಪಧಮನಿಯೊಳಗಿನ ಆ ಎರಡು ಗುಳಿಗಳ ವಿಷಯ ಬಂದಾಗ ತರಗತಿಯಲ್ಲಿ ಒಂದು ಹಳೆಯ ಘಟನೆಯನ್ನೂ ಹೇಳುತ್ತೇನೆ. 1958ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯರು ಮಹಾಪಧಮನಿಯ ಚಿತ್ರ ತೆಗೆಯಲು ಹೊರಟಿದ್ದಾಗ ನಳಿಕೆಯ ತುದಿ ಜಾರಿ ಬಲ ಕೊರೊನರಿಯ ಬಾಯಿಗೆ ಹೊಕ್ಕಿತು, ಬಣ್ಣದ ದ್ರಾವಣ ನೇರವಾಗಿ ಅದರೊಳಗೆ ನುಗ್ಗಿತು. ಹಾಗಾದರೆ ರೋಗಿ ಉಳಿಯುವುದಿಲ್ಲ ಎಂಬುದು ಅಂದಿನ ನಂಬಿಕೆ. ರೋಗಿ ಉಳಿದರು. ಇವತ್ತು ನಾವು ಆಂಜಿಯೋಗ್ರಾಂ ಎನ್ನುವ ಪರೀಕ್ಷೆ ಆ ಜಾರಿದ ನಳಿಕೆಯಿಂದ ಬೆಳೆದದ್ದು. ಹುಡುಗಿಯರು ಇದನ್ನು ಕೇಳಿದ ಮೇಲೆ ಟಾರ್ಚ್ ಇಸಿದುಕೊಂಡು ಸರದಿಯಲ್ಲಿ ಇಣುಕುತ್ತಾರೆ.

ಈಗ ಹಿಂಬದಿ. ಬಲ ಕೊರೊನರಿ ಬಲ ಹೃತ್ಕರ್ಣ ಮತ್ತು ಬಲ ಹೃತ್ಕುಕ್ಷಿಗಳ ನಡುವಿನ ತೋಡಿನಲ್ಲಿ ಸುತ್ತಿ ಹಿಂದಕ್ಕೆ ಬಂದು, ನಾಲ್ಕು ಕೋಣೆಗಳ ಗಡಿಗಳು ಸೇರುವ ಕೂಡುಜಾಗದಲ್ಲಿ ಕೆಳಕ್ಕೆ ತಿರುಗಿ, ಹಿಂಬದಿಯ ತೋಡಿನಲ್ಲಿ ಇಳಿಯುವ ಪಿಡಿಎ ಆಗುತ್ತದೆ. ಬಹುಪಾಲು ಜನರಲ್ಲಿ ಹೀಗೆಯೇ. ಕೆಲವರಲ್ಲಿ ಮಾತ್ರ ಪಿಡಿಎ ಎಡಗಡೆಯ ಸರ್ಕಮ್‌ಫ್ಲೆಕ್ಸ್‌ನಿಂದ ಹುಟ್ಟುತ್ತದೆ. ಪಿಡಿಎ ಯಾರ ಮನೆಯದೋ ಆ ಕಡೆಗೆ 'ಪ್ರಾಬಲ್ಯ' ಎನ್ನುತ್ತಾರೆ. ಜೊತೆಗೆ ಬಂದ ಪುಸ್ತಿಕೆಯಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ. ನಮ್ಮ ವಿದ್ಯಾರ್ಥಿಗಳಿಗೆ ಇದು ಬೇಕಾದ ವಿಷಯ. ಹೃತ್ಕರ್ಣಗಳಿಂದ ಹೃತ್ಕುಕ್ಷಿಗಳಿಗೆ ಬಡಿತದ ಸಂಕೇತ ದಾಟಿಸುವ ಎವಿ ನೋಡ್‌ಗೂ ಸಾಮಾನ್ಯವಾಗಿ ಇದೇ ಬಲ ಕೊರೊನರಿಯಿಂದ ರಕ್ತ ಬರುತ್ತದೆ. ಬಲ ಕೊರೊನರಿ ಕಟ್ಟಿಕೊಂಡ ರೋಗಿಯ ಮಾನಿಟರಿನಲ್ಲಿ ಬಡಿತ ಇದ್ದಕ್ಕಿದ್ದಂತೆ ನಿಧಾನವಾದರೆ ಪಕ್ಕದಲ್ಲಿರುವ ನರ್ಸ್‌ಗೆ ಕಾರಣ ಹೊಳೆಯಬೇಕಲ್ಲ.

ಆದರೆ ಪುಸ್ತಿಕೆಯ ಮೌನಕ್ಕಿಂತ ದೊಡ್ಡ ತಪ್ಪು ಪ್ಲಾಸ್ಟಿಕ್ಕಿನಲ್ಲೇ ಇದೆ. ಮುಂದಿನಿಂದ ಇಳಿದ ಎಲ್‌ಎಡಿ, ಹಿಂದಿನಿಂದ ಇಳಿದ ಪಿಡಿಎ ಎರಡೂ ಹೃದಯದ ತುದಿಯಲ್ಲಿ ಒಂದನ್ನೊಂದು ಕೂಡುತ್ತವೆ. ತೆಳು ಎಳೆಗಳಾಗಿ ಅಲ್ಲ. ಅದೇ ದಪ್ಪದಲ್ಲಿ, ಅದೇ ಕೆಂಪಿನಲ್ಲಿ, ಒಂದೇ ಕೊಳವೆಯಂತೆ. ಊರನ್ನು ಬಳಸಿ ಹೋಗುವ ವರ್ತುಲ ರಸ್ತೆಯ ಹಾಗೆ. ಅಚ್ಚು ಮಾಡಿದವರಿಗೆ ಎರಡು ಮೊಂಡು ತುದಿಗಳನ್ನು ಬಿಡುವುದಕ್ಕಿಂತ ಒಂದು ಗೆರೆ ಎಳೆದುಬಿಡುವುದು ಸುಲಭವೆನಿಸಿರಬೇಕು. ಅಥವಾ ಚಂದ ಕಂಡಿರಬೇಕು.

ನಾನಿದನ್ನು ಗಮನಿಸಿರಲಿಲ್ಲ. ತೋರಿಸಿಕೊಟ್ಟವಳು ಎರಡನೇ ಸಾಲಿನಲ್ಲಿ ಕೂರುವ, ಸಾಮಾನ್ಯವಾಗಿ ಬಾಯಿ ಬಿಡದ ಒಬ್ಬ ಹುಡುಗಿ. ಮಾದರಿ ಕೈಯಿಂದ ಕೈಗೆ ಹೋಗುತ್ತಿತ್ತು. ಅವಳು ಅದನ್ನು ತಲೆಕೆಳಗೆ ಹಿಡಿದು, ಬೆರಳನ್ನು ಎಲ್‌ಎಡಿಯ ಮೇಲೆ ಇಟ್ಟು ಜಾರಿಸುತ್ತಾ ತುದಿ ದಾಟಿ ಹಿಂದೆ ಹೋಗಿ ಪಿಡಿಎ ಹತ್ತಿ ಬಲ ಕೊರೊನರಿಯವರೆಗೆ ತಂದಳು. ಬೆರಳು ಎಲ್ಲಿಯೂ ಎತ್ತಲಿಲ್ಲ. ಆಮೇಲೆ ಕೇಳಿದಳು: "ಮೇಡಂ, ಎರಡೂ ಕೂಡಿವೆ. ಹಾಗಾದರೆ ಮುಂದೆ ಮುಚ್ಚಿಕೊಂಡರೆ ಹಿಂದಿನಿಂದ ರಕ್ತ ಬರುತ್ತದೆ. ಹೃದಯಾಘಾತ ಯಾಕೆ ಆಗಬೇಕು?"

ಪ್ರಶ್ನೆಯಲ್ಲಿ ಒಂದು ತಪ್ಪೂ ಇಲ್ಲ. ಕೈಯಲ್ಲಿದ್ದ ಹೃದಯವನ್ನು ನಂಬಿದರೆ ಹೃದಯಾಘಾತ ಆಗಲೇಬಾರದು! ಉತ್ತರ ಹೇಳಲು ಆ ದಿನದ ಉಳಿದ ಅವಧಿ ಪೂರ್ತಿ ಹಿಡಿಯಿತು. ಕೊರೊನರಿಗಳ ನಡುವೆ ಕೂಡುನಾಳಗಳು ಇವೆ, ಸುಳ್ಳಲ್ಲ. ಆದರೆ ಅವು ಕೂದಲೆಳೆಯಂಥವು. ದೊಡ್ಡ ನಾಳವೊಂದು ನಿಮಿಷಗಳಲ್ಲಿ ಮುಚ್ಚಿಕೊಂಡಾಗ ಆ ಎಳೆಗಳಿಂದ ಒಂದಿಡೀ ಗೋಡೆಯನ್ನು ಬದುಕಿಸಿಕೊಳ್ಳಲು ಆಗುವುದಿಲ್ಲ. ಅದೇ ನಾಳ ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಕಿರಿದಾಗುತ್ತಾ ಬಂದರೆ ಆ ಎಳೆಗಳು ಹಿಗ್ಗುತ್ತವೆ, ಕಾಲುದಾರಿ ಬಂಡಿದಾರಿಯಾಗುತ್ತದೆ. ಅದಕ್ಕೇ ಪೂರ್ತಿ ಮುಚ್ಚಿದ ನಾಳ ಇಟ್ಟುಕೊಂಡೂ ಓಡಾಡುತ್ತಿರುವವರು ಸಿಗುತ್ತಾರೆ. ಆ ಎಳೆಗಳನ್ನೇ ನಂಬಿ ಕೂರಲಾಗದ್ದಕ್ಕೇ ಬೇರೆ ದಾರಿಯನ್ನು ಕೈಯಾರೆ ಹೊಲಿಯಬೇಕಾಯಿತು: 1967ರಲ್ಲಿ ಶಸ್ತ್ರವೈದ್ಯ ರೆನೆ ಫಾವಲೋರೊ ಕಾಲಿನ ಅಭಿಧಮನಿಯ ತುಂಡಿನಿಂದ ಮಾಡತೊಡಗಿದ ಬೈಪಾಸ್ ಅದೇ. ಹತ್ತು ವರ್ಷಗಳ ನಂತರ, 1977ರಲ್ಲಿ, ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಸಿಗ್ ಎಂಬ ವೈದ್ಯರು ಎಚ್ಚರವಿದ್ದ ರೋಗಿಯ ಕಿರಿದಾದ ಕೊರೊನರಿಯನ್ನು ಹಿಗ್ಗಿಸಲು ಅದರೊಳಗೆ ಬಲೂನು ಉಬ್ಬಿಸಿದರು. ಹೃದಯದ ತುದಿಯಲ್ಲಿ ಇಷ್ಟು ದಪ್ಪದ ಕೂಡುದಾರಿ ಹುಟ್ಟಿನಿಂದಲೇ ಇದ್ದಿದ್ದರೆ ಇಬ್ಬರಿಗೂ ಅಷ್ಟು ಕಷ್ಟಪಡುವ ಅಗತ್ಯವಿರಲಿಲ್ಲ.

ಅಂದು ಸಂಜೆಯೇ ಮಾಂಸದ ಬಣ್ಣ ಕಲಸಿ, ತುದಿಯಲ್ಲಿ ಒಂದು ಬೆರಳಗಲ ಕೆಂಪನ್ನು ಮುಚ್ಚಿದೆ. ಉಬ್ಬು ಹಾಗೆಯೇ ಉಳಿದಿದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಮಾರಾಟಗಾರರಿಗೆ ಫೋಟೊ ಸಮೇತ ಬರೆದೆ. ಮಾದರಿಯನ್ನು ತಜ್ಞರು ಪರಿಶೀಲಿಸಿದ್ದಾರೆ, ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಸಹಜ ಎಂದು ಉತ್ತರ ಬಂತು. ನಾನು ಕೇಳಿದ್ದು ಬಣ್ಣದ ವಿಚಾರವಲ್ಲ ಎಂದು ಮತ್ತೆ ಬರೆದೆ. ಅದಕ್ಕೆ ಉತ್ತರವಿಲ್ಲ.

ಅಭಿಧಮನಿಗಳ ಕಥೆ ಇನ್ನೂ ಸ್ವಾರಸ್ಯ. ಎಲ್‌ಎಡಿಯ ಪಕ್ಕದಲ್ಲೇ ಮೇಲೇರುವ ದೊಡ್ಡ ಅಭಿಧಮನಿ ಎಡಕ್ಕೆ ತಿರುಗಿ ಹಿಂದೆ ಹೋಗಿ ಅಗಲವಾಗಿ ಕೊರೊನರಿ ಸೈನಸ್ ಆಗುತ್ತದೆ. ಪಿಡಿಎ ಜೊತೆಗಿನ ಮಧ್ಯದ ಅಭಿಧಮನಿಯೂ ಅದಕ್ಕೇ ಬಂದು ಸೇರುತ್ತದೆ. ಅಲ್ಲಿಯವರೆಗೆ ಎಲ್ಲ ಅಚ್ಚುಕಟ್ಟು. ಆ ಸೈನಸ್ ಬಲ ಹೃತ್ಕರ್ಣದೊಳಗೆ, ಕೆಳಗಿನ ಮಹಾ ಅಭಿಧಮನಿಯ ಬಾಯಿಗೂ ತ್ರಿದಳ ಕವಾಟಕ್ಕೂ ನಡುವೆ ತೆರೆದುಕೊಳ್ಳಬೇಕು. ಹೃತ್ಕರ್ಣದ ಗೋಡೆ ಕಳಚಿ ನೋಡಿದರೆ ಅಲ್ಲಿ ನುಣ್ಣನೆಯ ಗೋಡೆ! ಹೊರಗೆ ನೀಲಿ ಹೊಳೆ ತುಂಬಿ ಬಂದು ಗೋಡೆಗೆ ಡಿಕ್ಕಿ ಹೊಡೆದು ನಿಂತಿದೆ. ಸ್ನಾಯುವಿಗೆ ಹೋದ ರಕ್ತ ವಾಪಸು ಬರುವುದೇ ಇಲ್ಲ ಎಂದಾಯಿತು.

ಇದಕ್ಕೂ ನಾನೇ ಮದ್ದು ಮಾಡಿದೆ. ಸ್ವೆಟರ್ ಹೆಣೆಯುವ ದಪ್ಪ ಕಡ್ಡಿಯನ್ನು ಒಲೆಯ ಮೇಲೆ ಕಾಯಿಸಿ, ಸರಿಯಾದ ಜಾಗ ಅಳೆದು ಚುಚ್ಚಿದೆ. ಮೊದಲ ಸಲ ಕಡ್ಡಿ ಜಾರಿ ಕವಾಟದ ಒಂದು ದಳದ ಅಂಚು ಸುಟ್ಟಿತು. ಆ ಕಪ್ಪು ಕಲೆ ಈಗಲೂ ಇದೆ. ಎರಡನೇ ಸಲ ಸರಿಯಾಗಿ ಒಳಹೊಕ್ಕಿತು. ಅಡುಗೆಮನೆಯಲ್ಲೆಲ್ಲಾ ಹೊಗೆ. ಬಾಗಿಲಲ್ಲಿ ನಿಂತ ನನ್ನ ಯಜಮಾನರು "ಆಪರೇಷನ್ ಯಶಸ್ವಿಯೇ?" ಎಂದು ಕೇಳಿದರು. ವಾರಂಟಿ ಹೋಯಿತು, ರಕ್ತ ಹರಿಯಿತು. ಈಗ ತೂತಿನೊಳಗೆ ನೀಲಿ ಉಲ್ಲನ್ ಎಳೆಯೊಂದನ್ನು ಸೇರಿಸಿ, ಹೊರಗಿನಿಂದ ಒಳಗೆ ದಾರಿ ತೋರಿಸುತ್ತೇನೆ. ಎಲ್ಲ ಅಭಿಧಮನಿಗಳೂ ಈ ದಾರಿ ಹಿಡಿಯುವುದಿಲ್ಲ, ಮುಂಭಾಗದ ಕೆಲವು ನೇರವಾಗಿ ಬಲ ಹೃತ್ಕರ್ಣಕ್ಕೆ ತೆರೆದುಕೊಳ್ಳುತ್ತವೆ ಎನ್ನುವುದನ್ನು ಬಾಯಲ್ಲೇ ಹೇಳಬೇಕು.

ಯಾವ ಪ್ಲಾಸ್ಟಿಕ್ ಹೃದಯವೂ ತೋರಿಸಲಾಗದ ವಿಚಾರ ಒಂದಿದೆ. ಅದಕ್ಕೆ ಇದನ್ನು ದೂರುವುದಿಲ್ಲ. ದೇಹದ ಉಳಿದ ಅಂಗಗಳಿಗೆ ಹೃದಯ ಹಿಂಡಿದಾಗ ರಕ್ತದ ಅಲೆ ಹೋಗುತ್ತದೆ. ಎಡ ಹೃತ್ಕುಕ್ಷಿಯ ಸ್ನಾಯುವಿಗೆ ಮಾತ್ರ ಹೆಚ್ಚಿನ ರಕ್ತ ಸಿಗುವುದು ಹೃದಯ ಸಡಿಲಿಸಿದಾಗ, ಏಕೆಂದರೆ ಹಿಂಡುವಾಗ ತನ್ನೊಳಗಿನ ನಾಳಗಳನ್ನೂ ಅದೇ ಹಿಂಡಿಕೊಳ್ಳುತ್ತದೆ. ಒದ್ದೆ ಟವೆಲ್ ಹಿಂಡುತ್ತಿರುವಾಗ ಅದು ನೀರು ಕುಡಿಯಲಾರದು. ನಿಮಿಷಕ್ಕೆ 75 ಬಡಿತ ಇದ್ದಾಗ ಒಂದು ಬಡಿತಕ್ಕೆ 0.8 ಸೆಕೆಂಡ್, ಅದರಲ್ಲಿ ಹಿಂಡುವುದು ಸುಮಾರು 0.3, ಸಡಿಲುವುದು 0.5. ಬಡಿತ ಏರಿದಂತೆ ಕತ್ತರಿ ಬೀಳುವುದು ಹೆಚ್ಚಾಗಿ ಸಡಿಲಿಕೆಯ ಪಾಲಿಗೆ. ಅಂದರೆ ಹಸಿವು ಹೆಚ್ಚಿದ ಹೊತ್ತಿಗೇ ಊಟದ ಸಮಯ ಕಡಿಮೆ. ವಿಶ್ರಾಂತಿಯಲ್ಲಿಯೂ ಹೃದಯ ಹೊರಹಾಕುವ ರಕ್ತದಲ್ಲಿ ನೂರಕ್ಕೆ ಸುಮಾರು ಐದರಷ್ಟು ಅದಕ್ಕೇ ಬೇಕು. ತೂಕದಲ್ಲಿ ಅದು ದೇಹದ ನೂರರಲ್ಲಿ ಒಂದು ಪಾಲೂ ಇಲ್ಲ. ಇಷ್ಟನ್ನು ಹೇಳಲು ನಾನು ಮಾದರಿಯನ್ನು ಬದಿಗಿಟ್ಟು ನಿಜವಾಗಿಯೂ ಒಂದು ಒದ್ದೆ ಟವೆಲ್ ತೆಗೆದುಕೊಂಡು ಹೋಗುತ್ತೇನೆ. ನೆಲ ಒರೆಸುವ ಕೆಲಸ ಕೊನೆಯ ಬೆಂಚಿಗೆ.

ಪುಸ್ತಿಕೆಯ ಬಗ್ಗೆ ಇನ್ನೊಂದೇ ಮಾತು. ಅದರ 31 ಮತ್ತು 32ನೇ ಸಂಖ್ಯೆಗಳು ಅದಲುಬದಲಾಗಿವೆ. ಪುಪ್ಪುಸ ಅಭಿಧಮನಿಯ ಹೆಸರು ಅಪಧಮನಿಗೆ ಬಿದ್ದಿದೆ. ಶ್ವಾಸಕೋಶದ ವಿಷಯದಲ್ಲಿ ಅಪಧಮನಿಗೆ ನೀಲಿ, ಅಭಿಧಮನಿಗೆ ಕೆಂಪು ಎಂಬ ತಿರುವನ್ನು ಅರಗಿಸಿಕೊಳ್ಳಲು ಮಕ್ಕಳು ಮೊದಲೇ ಒದ್ದಾಡುತ್ತಾರೆ. ಅಲ್ಲಿಯೇ ಮುದ್ರಣದೋಷ! ಪೆನ್ನಿನಿಂದ ತಿದ್ದಿದ್ದೇನೆ.

ಕೊಳ್ಳಬಹುದೇ ಎಂದು ಕೇಳಿದರೆ, ಕೋಣೆಗಳು ಮತ್ತು ಕವಾಟಗಳ ಪಾಠಕ್ಕಾದರೆ ಕಣ್ಣು ಮುಚ್ಚಿ ಕೊಳ್ಳಿ. ಶಾಲೆಗಳಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ರೋಗಿಗಳಿಗೆ ಬ್ಲಾಕ್ ಎಲ್ಲಿದೆ, ಸ್ಟೆಂಟ್ ಎಲ್ಲಿ ಕೂರುತ್ತದೆ ಎಂದು ವಿವರಿಸಲು ಬೇಕಿದ್ದರೆ ಮುಂಭಾಗ ಸಾಕು, ತಲೆಕೆಳಗೆ ಮಾಡಲು ಬಿಡಬೇಡಿ. ಕೊರೊನರಿಗಳನ್ನೇ ಪಾಠ ಮಾಡುವವರು ಕೊಳ್ಳುವ ಮೊದಲು ಬಲ ಹೃತ್ಕರ್ಣ ತೆರೆದು ಸೈನಸ್‌ನ ಬಾಯಿ ಹುಡುಕಿ, ಆಮೇಲೆ ತುದಿಯ ಮೇಲೆ ಬೆರಳಾಡಿಸಿ. ಸಹಿ ಅದಾದ ಮೇಲೆ.

ಬಾಳಿಕೆ ಪರವಾಗಿಲ್ಲ. ಅಯಸ್ಕಾಂತಗಳು ಗಟ್ಟಿಯಾಗಿವೆ, ತಂತುಗಳಲ್ಲಿ ಒಂದು ಮಾತ್ರ ಕಿತ್ತುಬಂದಿದೆ. ಬಣ್ಣ ಎಲ್ಲ ಕಡೆ ಹೊಸದರಂತೆ ಇದೆ, ಒಂದು ಜಾಗ ಬಿಟ್ಟು. ಎಲ್‌ಎಡಿಯ ಮೇಲ್ಭಾಗದಲ್ಲಿ, ಮೊದಲ ಡಯಾಗನಲ್ ಕವಲೊಡೆಯುವುದಕ್ಕಿಂತ ಸ್ವಲ್ಪ ಮೇಲೆ, ಕೆಂಪು ಸವೆದು ಕೆಳಗಿನ ಹಳದಿ ಪ್ಲಾಸ್ಟಿಕ್ ಕಾಣುತ್ತಿದೆ. 14 ತಿಂಗಳಿಂದ ನಾನೂ ವಿದ್ಯಾರ್ಥಿಗಳೂ ಬೆರಳಿಟ್ಟು ತೋರಿಸಿರುವುದು ಅದೇ ಜಾಗವನ್ನು. ಅದಕ್ಕೆ ಹಚ್ಚಲೆಂದು ಹೊಂದುವ ಕೆಂಪಿನ ಉಗುರುಬಣ್ಣ ತಂದು ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೆ. ಕಳೆದ ವಾರ ಹೊಸ ತಂಡದ ಹುಡುಗನೊಬ್ಬ ಮಾದರಿಯನ್ನು ಬೆಳಕಿಗೆ ಹಿಡಿದು ನೋಡಿ, "ಮೇಡಂ, ಇಲ್ಲಿ ಕೊಬ್ಬು ಕಟ್ಟಿಕೊಂಡಿರುವುದನ್ನು ತೋರಿಸಿದ್ದಾರೆಯೇ?" ಎಂದು ಕೇಳಿದ. ಉಗುರುಬಣ್ಣ ಇನ್ನೂ ಡ್ರಾಯರಿನಲ್ಲೇ ಇದೆ.